ಆಲೂಗಡ್ಡೆ ನೆಡೋಕೆ ಯಾವ ತಿಂಗಳು ಸರಿ?

ಪ್ರಶ್ನೆ: ಹೋದ ವರ್ಷ ಫೆಬ್ರವರಿ ಕೊನೆಯಲ್ಲಿ, ಅಡುಗೆಮನೆ ಬುಟ್ಟಿಯಲ್ಲಿ ಮೊಳೆತಿದ್ದ ಆಲೂಗಡ್ಡೆಗಳನ್ನು ಹಿತ್ತಲಲ್ಲಿ ನೆಟ್ಟಿದ್ದೆ. ಗಿಡ ಸೊಂಪಾಗಿ ಬಂತು. ಅಗೆದು ನೋಡಿದರೆ ಗೋಲಿಯಷ್ಟು ಗಡ್ಡೆ, ಅದೂ ನಾಲ್ಕಾರು. ವಿಡಿಯೋಗಳಲ್ಲಿ ಫೆಬ್ರವರಿ, ಮಾರ್ಚ್ ಅಂತಾರೆ. ಹಾಸನದ ನೆಂಟರು ಮುಂಗಾರಿಗೆ ಹಾಕಿ ಅಂತಾರೆ. ಯಾರ ಮಾತು ಕೇಳಲಿ?
– ಓದುಗರೊಬ್ಬರು, ತುಮಕೂರು

ಉತ್ತರ: ಇಬ್ಬರೂ ಅವರವರ ಊರಿನ ಮಟ್ಟಿಗೆ ಸರಿಯಾಗಿಯೇ ಹೇಳಿದ್ದಾರೆ. ನಿಮ್ಮ ಹಿತ್ತಲಿಗೆ ಮಾತ್ರ ಅಕ್ಟೋಬರ್ ನಡುವಿನಿಂದ ನವೆಂಬರ್ ನಡುವಿನವರೆಗೆ ಒಳ್ಳೆಯ ಕಾಲ.

ಆಲೂಗಡ್ಡೆ ಬೇರಲ್ಲ, ಕಾಂಡ. ಮಣ್ಣೊಳಗೆ ಹರಿಯುವ ಬಿಳಿ ಕುಡಿಗಳ ತುದಿ ಊದಿಕೊಂಡು ಗಡ್ಡೆಯಾಗುತ್ತದೆ. ಅದು ಊದಬೇಕಾದರೆ ರಾತ್ರಿ ತಂಪಿರಬೇಕು. 15ರಿಂದ 20 ಡಿಗ್ರಿ ಇದ್ದರೆ ಚೆನ್ನ. ರಾತ್ರಿಯೂ ಸೆಕೆ ಅಂದರೆ, ಎಲೆ ಹಗಲಲ್ಲಿ ಮಾಡಿಟ್ಟ ಸಕ್ಕರೆಯಲ್ಲಿ ಜಾಸ್ತಿ ಪಾಲು ಗಿಡದ ಉಸಿರಾಟಕ್ಕೇ ಖರ್ಚಾಗುತ್ತದೆ. ಮಿಕ್ಕಿದ್ದು ಸೊಪ್ಪಿಗೆ ಹೋಗುತ್ತದೆ. ನೀವು ಕಂಡ ಸೊಂಪು ಅದೇ. ಸಾಮಾನ್ಯವಾಗಿ ನೆಟ್ಟ ಒಂದು, ಒಂದೂವರೆ ತಿಂಗಳಿಗೆ ಗಡ್ಡೆ ಕಟ್ಟಲು ಶುರುವಾಗುತ್ತದೆ. ಫೆಬ್ರವರಿ ಕೊನೆಗೆ ನೆಟ್ಟರೆ ಆ ಹೊತ್ತಿಗೆ ಏಪ್ರಿಲ್. ತುಮಕೂರಿನ ಏಪ್ರಿಲ್ ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾ?

ಹಾಗಾಗಿ ಲೆಕ್ಕ ಹಿಂದಿನಿಂದ ಹಾಕಿ. ನಮ್ಮ ಬಯಲುಸೀಮೆಗೆ ಚಳಿ ಬರುವುದು ಡಿಸೆಂಬರ್, ಜನವರಿಯಲ್ಲಿ. ಗಡ್ಡೆ ದಪ್ಪಗಾಗುವ ದಿನಗಳು ಅಲ್ಲಿ ಬೀಳಬೇಕು. ಅಲ್ಲಿಂದ ಒಂದೂವರೆ ತಿಂಗಳು ಹಿಂದೆ ಬಂದರೆ ನೆಡುವ ಕಾಲ ಸಿಗುತ್ತದೆ. ಬೆಂಗಳೂರು, ಕೋಲಾರ, ಮೈಸೂರಿನ ಮನೆತೋಟಗಳಿಗೂ ಇದೇ ಲೆಕ್ಕ. ಡಿಸೆಂಬರ್‌ನಲ್ಲಿ ನೆಟ್ಟರೂ ಗಿಡ ಬರುತ್ತದೆ, ಆದರೆ ಗಡ್ಡೆ ಬಲಿಯುವಾಗ ಬಿಸಿಲು ಏರಿರುತ್ತದೆ.

ಫೆಬ್ರವರಿ, ಮಾರ್ಚ್ ಅನ್ನುವ ವಿಡಿಯೋಗಳು ಬಹುತೇಕ ಹಿಮ ಬೀಳುವ ಊರುಗಳವು. ಅಲ್ಲಿನವರು ಚಳಿ ಮುಗಿಯಲಿ ಅಂತ ಕಾಯುತ್ತಾರೆ, ನಾವು ಚಳಿ ಬರಲಿ ಅಂತ ಕಾಯಬೇಕು. ಹಾಸನದ ಕಥೆ ಬೇರೆ. ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದ ಊರು. ಜೂನ್, ಜುಲೈನಲ್ಲಿ ಮೋಡ ಮುಚ್ಚಿಕೊಂಡು ಹಗಲೂ ತಂಪು. ಅದಕ್ಕೇ ಅಲ್ಲಿ ಮೇ, ಜೂನ್‌ನಲ್ಲಿ ಬಿತ್ತನೆ. ಆದರೆ ಅದೇ ಮೋಡ, ಜಿಟಿಜಿಟಿ ಮಳೆ ಅಂಗಮಾರಿ ರೋಗಕ್ಕೂ ಹಬ್ಬ. ಎಲೆಯ ಅಂಚಲ್ಲಿ ನೀರು ಕುಡಿದಂಥ ಕಲೆ ಕಂಡ ಕೆಲವೇ ದಿನಗಳಲ್ಲಿ ಇಡೀ ಸಾಲು ಕರಕಲಾಗುತ್ತದೆ. ರೈತರು ಮೇಲಿಂದ ಮೇಲೆ ಔಷಧಿ ಹೊಡೆದು ಬೆಳೆ ಉಳಿಸಿಕೊಳ್ಳುತ್ತಾರೆ. ಮನೆಗೆ ಅಂತ ಹತ್ತು ಗಿಡ ಹಾಕಿಕೊಂಡವರಿಗೆ ಆ ರಗಳೆ ಯಾಕೆ?

ತಿಂಗಳು ಸರಿಯಾದರೆ ಸಾಲದು, ಮಣ್ಣನ್ನೂ ನೋಡಿ. ಕೆಲವು ವರ್ಷ ಚಿತ್ತೆ, ಸ್ವಾತಿ ಮಳೆ ಬಿಡುವುದೇ ಇಲ್ಲ. ನಾಲ್ಕು ಬೆರಳು ಆಳದಿಂದ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ. ಸೊಂಟದೆತ್ತರದಿಂದ ಬಿಟ್ಟಾಗ ಉದುರಿ ಹರಡಿದರೆ ನೆಡಬಹುದು. ಮುದ್ದೆಯಾಗಿಯೇ ಬಿದ್ದರೆ ವಾರ ಕಾಯಿರಿ. ಒದ್ದೆ ಮಣ್ಣಲ್ಲಿ ಗಡ್ಡೆ ಮೊಳೆಯುವ ಮೊದಲೇ ಕೊಳೆಯುತ್ತದೆ. ಹೆಚ್ಚಿದ ಹೋಳಾದರೆ ಇನ್ನೂ ಬೇಗ. ಮನೆಮಟ್ಟಿಗೆ ಹೆಚ್ಚುವ ಗೋಜೇ ಬೇಡ, ಕೋಳಿಮೊಟ್ಟೆ ಗಾತ್ರದ ಇಡೀ ಗಡ್ಡೆ ಹಾಕಿ.

ಮೊಳಕೆಯೂ ಹೇಳುತ್ತದೆ. ಬುಟ್ಟಿಯ ಕತ್ತಲಲ್ಲಿ ಬಂದ ಉದ್ದನೆಯ ಬಿಳಿ ಮೊಳಕೆ ಮುಟ್ಟಿದರೆ ಮುರಿಯುತ್ತದೆ. ಗಡ್ಡೆಗಳನ್ನು ಎರಡು ಮೂರು ವಾರ ಮೊದಲೇ ಬಿಸಿಲು ಬೀಳದ, ಆದರೆ ಬೆಳಕಿರುವ ಕಡೆ ಒಂದೇ ಪದರವಾಗಿ ಹರಡಿಡಿ. ಅರ್ಧ ಇಂಚಿನ, ಗಿಡ್ಡ, ದಪ್ಪ ಮೊಳಕೆ ಬರುತ್ತದೆ. ಬುಡದಲ್ಲಿ ಹಸಿರೋ ನೇರಳೆಯೋ ಬಣ್ಣ ಕಂಡರೆ ನೆಡಲು ತಯಾರು. ಹಸಿರಾದ ಆ ಗಡ್ಡೆಯನ್ನು ಆಮೇಲೆ ಪಲ್ಯಕ್ಕೆ ಮಾತ್ರ ಹಾಕಬೇಡಿ, ಅದರಲ್ಲಿ ವಿಷದ ಅಂಶ ಇರುತ್ತದೆ. ಎರಡಡಿ ಅಂತರದ ಸಾಲು, ಗಿಡದಿಂದ ಗಿಡಕ್ಕೆ ಒಂದು ಗೇಣು, ಕಣ್ಣು ಮೇಲೆ. ನೆಟ್ಟು ತಿಂಗಳಾದಾಗ ಬುಡಕ್ಕೆ ಮಣ್ಣು ಏರಿಸಿ. ಮಿಕ್ಕಿದ್ದು ನಿಮಗೆ ಗೊತ್ತೇ ಇದೆ.

ಪ್ರಶ್ನೆ: ನಮ್ಮದು ಉಡುಪಿ. ನವೆಂಬರ್‌ನಲ್ಲಿ ನೆಟ್ಟರೆ ಆದೀತಾ?

ಉತ್ತರ: ಬೇಡ ಅಂತಲೇ ಹೇಳುತ್ತೇನೆ. ಕರಾವಳಿಯಲ್ಲಿ ಜನವರಿಯಲ್ಲೂ ರಾತ್ರಿ 20ರ ಆಸುಪಾಸು, ಹಗಲು 32, 33 ಡಿಗ್ರಿ. ಅದೇ ಜಾಗಕ್ಕೆ ಗೆಣಸಿನ ಬಳ್ಳಿ ಹಾಕಿ, ಕೈತುಂಬ ಸಿಗುತ್ತದೆ.

ಪ್ರಶ್ನೆ: ಜನವರಿಯಲ್ಲಿ ಕಿತ್ತ ನಮ್ಮದೇ ಗಡ್ಡೆಯನ್ನು ಕೂಡಲೇ ಮತ್ತೆ ನೆಡಬಹುದಾ?
– ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಆಗುವುದಿಲ್ಲ. ಕಿತ್ತ ಗಡ್ಡೆ ಸುಮಾರು ಎರಡು ತಿಂಗಳು ಮಲಗಿರುತ್ತದೆ. ನೀರು ಕೊಟ್ಟರೂ ಕಣ್ಣು ಬಿಡುವುದಿಲ್ಲ. ಏಳುವ ಹೊತ್ತಿಗೆ ಬೇಸಿಗೆ. ಅಕ್ಟೋಬರ್ ತನಕ ಮನೆಯಲ್ಲಿಟ್ಟರೆ ಸುಕ್ಕುಗಟ್ಟಿ ಮುಗಿದುಹೋಗುತ್ತದೆ. ಹಾಸನದ ಮಾರುಕಟ್ಟೆಗೆ ಮುಂಗಾರಿಗೆ ಮೊದಲು ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆ ಲಾರಿಗಟ್ಟಲೆ ಬರುವುದರ ಹಿಂದೆಯೂ ಈ ಲೆಕ್ಕ ಇದೆ. ಅಲ್ಲಿ ಚಳಿಗಾಲದಲ್ಲಿ ಬೆಳೆದದ್ದು ಇಲ್ಲಿ ಬಿತ್ತುವ ಹೊತ್ತಿಗೆ ನಿದ್ದೆ ಮುಗಿಸಿ ಎದ್ದಿರುತ್ತದೆ. ಅಕ್ಟೋಬರ್‌ಗೆ ಬೇಕಾದವರು ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟ ಕುಫ್ರಿ ಜ್ಯೋತಿ ತಳಿಯ ಬಿತ್ತನೆ ಗಡ್ಡೆಯನ್ನೇ ಕೇಳಿ ತನ್ನಿ. ಅಡುಗೆಗೆ ಮಾರುವ ಗಡ್ಡೆಗೆ ಕೆಲವೊಮ್ಮೆ ಮೊಳಕೆ ಬಾರದಂತೆ ಔಷಧಿ ಹಾಕಿರುತ್ತಾರೆ. ಬಿತ್ತನೆ ಗಡ್ಡೆಯನ್ನೂ ತಂದ ಕೂಡಲೇ ಮಣ್ಣಿಗೆ ಹಾಕಬೇಡಿ. ಹೊರಗಿನ ಹವೆಗೆ ಹೊಂದಿಕೊಂಡು ಮೊಳೆಯಲು ಎರಡು ವಾರವಾದರೂ ಬೇಕು, ಆ ದಿನಗಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡು ಸೆಪ್ಟೆಂಬರ್ ಕೊನೆಗೇ ಅಂಗಡಿಯಲ್ಲಿ ಹೇಳಿಡಿ.