ಗೆಳತಿ ಎಲ್ಲಾ ಸಹಿಸ್ಕೋತಾಳೆ, ನಾನೇನು ಹೇಳ್ಲಿ?

ಪ್ರಶ್ನೆ: ಮೇಡಂ, ನಾನಿರೋದು ಅಟ್ಲಾಂಟಾದಲ್ಲಿ, ಊರು ಹಾಸನ. ನನ್ನ ಕ್ಲೋಸ್ ಫ್ರೆಂಡ್ ಕಪ್ಪು ಅಮೆರಿಕನ್. ಅವಳ ಬಾಯ್‌ಫ್ರೆಂಡ್ ವಾರಗಟ್ಲೆ ಮಾಯ ಆಗ್ತಾನೆ, ದುಡ್ಡು ಬೇಕಾದಾಗ ಬರ್ತಾನೆ, ಅವನ ಸಾಲಾನೂ ಇವಳೇ ತೀರಿಸ್ತಾಳೆ. ಕೇಳಿದ್ರೆ "ನಮ್ಮಮ್ಮನೂ ಎಲ್ಲಾ ಹೊತ್ಕೊಂಡಿದ್ರು, ನಾನೂ ತಡ್ಕೋತೀನಿ" ಅಂತಾಳೆ.

ಉತ್ತರ: ತಡ್ಕೊಳ್ಳೋದು ಅವಳು ಇವತ್ತು ಕಲ್ತಿದ್ದಲ್ಲಮ್ಮ. ಗುಲಾಮಗಿರಿ ಕಾಲದಲ್ಲಿ ಕಪ್ಪು ಹೆಣ್ಮಕ್ಕಳು ಹೊಲದಲ್ಲೂ ದುಡಿದು ಯಜಮಾನರ ಮಕ್ಕಳನ್ನೂ ಸಾಕಿದ್ರು, ಇವರಿಗೆ ನೋವೇ ಆಗಲ್ಲ ಅಂತ ಜನ ನಂಬ್ಕೊಂಡ್ರು, ಆ ನಂಬಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಅದಕ್ಕೇ "ನೀನು ತುಂಬಾ ಸ್ಟ್ರಾಂಗ್" ಅಂತ ನೀವು ಮತ್ತೆ ಹೊಗಳ್ಬೇಡಿ ಪ್ಲೀಸ್, ಸುಸ್ತಾಗಿದ್ಯಾ ಅಂತ ಕೇಳಿ.

ನೀವಿರೋ ಅಟ್ಲಾಂಟಾದಲ್ಲೇ, ಸ್ಪೆಲ್ಮನ್ ಕಾಲೇಜಲ್ಲಿ, 1983ರಲ್ಲಿ ಆರೋಗ್ಯ ಹೋರಾಟಗಾರ್ತಿ ಬಿಲ್ಲಿ ಏವರಿ ಅವರು ಕಪ್ಪು ಮಹಿಳೆಯರ ಆರೋಗ್ಯದ ಬಗ್ಗೆ ದೊಡ್ಡ ಸಮಾವೇಶ ಮಾಡಿದ್ರು, ಆಮೇಲೆ ಹೆಣ್ಮಕ್ಕಳು ಒಟ್ಟಿಗೆ ಕೂತು ತಮ್ಮ ಕಥೆ ಹೇಳ್ಕೊಳ್ಳೋ ಗುಂಪುಗಳು ಬೆಳೆದ್ವು. ಅವಳಿಗೆ ಬೇಕಿರೋದೂ ಅಂಥದ್ದೇ ಜಾಗ ಅನ್ಸುತ್ತೆ. ಥೆರಪಿ ಫಾರ್ ಬ್ಲ್ಯಾಕ್ ಗರ್ಲ್ಸ್ ಅಂತ ಒಂದು ವೆಬ್‌ಸೈಟ್ ಇದೆ, ಡಾ. ಜಾಯ್ ಹಾರ್ಡನ್ ಬ್ರಾಡ್‌ಫೋರ್ಡ್ ಶುರು ಮಾಡಿದ್ದು, ಅಲ್ಲಿ ಥೆರಪಿಸ್ಟ್ ಹುಡುಕ್ಬಹುದು.

ಅವನನ್ನ ಬೈಬೇಡಿ, ಬೈದ್ರೆ ಅವಳು ಅವನ ಪರ ವಾದ ಮಾಡ್ತಾಳೆ. ಬದಲಿಗೆ ಅವಳು ಬೌಂಡರಿ ಹಾಕ್ಕೊಳ್ಳೋಕೆ ಸಹಾಯ ಮಾಡಿ. ಬೌಂಡರಿ ಅಂದ್ರೆ ಅವನನ್ನ ತಿದ್ದೋದಲ್ಲ, "ಮುಂದಿನ ತಿಂಗಳಿಂದ ನಿನ್ನ ಸಾಲ ನಾನು ಕಟ್ಟಲ್ಲ" ಅಂತ ಹೇಳಿ ನಿಜವಾಗ್ಲೂ ಕಟ್ಟದೇ ಇರೋದು. ಮೊದಮೊದಲು ಗಿಲ್ಟ್ ಆಗುತ್ತೆ, ಆಗ ನೀವು ಜೊತೆಗಿರಿ. ಅವನು ಹೆದರಿಸಿದ್ರೆ ಅಥವಾ ಕೈ ಎತ್ತಿದ್ರೆ ಮಾತ್ರ ಈ ಮಾತುಕತೆ ಎಲ್ಲಾ ಬಿಡಿ, ಮೊದಲು ಅವಳು ಸೇಫ್ ಆಗಿರೋ ದಾರಿ ನೋಡಿ.