ಚಂದಾ ಕಟ್ಟಿರುವಾಗ ಮತ್ತೆ ದುಡ್ಡೇಕೆ?

ಓದುಗರ ಪತ್ರ: ವಲಸೆ ಕಾರ್ಮಿಕರ ಆರೋಗ್ಯದ ಬಗ್ಗೆ ಪಿಎಚ್‌.ಡಿ. ಮಾಡುತ್ತಿದ್ದೇನೆ. ಗೂಗಲ್ ಸ್ಕಾಲರ್‌ನಲ್ಲಿ ಲೇಖನದ ಸಾರಾಂಶ ಸಿಗುತ್ತದೆ, ಪೂರ್ತಿ ಓದಲು ದುಡ್ಡು ಕೇಳುತ್ತದೆ. ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದ ಪುಟದಲ್ಲಿ ಡೇಟಾಬೇಸ್‌ಗಳ ಮಾರುದ್ದದ ಪಟ್ಟಿಯಿದೆ. ಎಲ್ಲಿಂದ ಶುರು ಮಾಡಲಿ?

ಸಂಪಾದಕರ ಉತ್ತರ: ಮೊದಲಿಗೆ, ಆ ದುಡ್ಡು ಕಟ್ಟಬೇಡಿ. ನಿಮಗೆ ಬೇಕಾದ ಎಷ್ಟೋ ಸಂಶೋಧನಾ ಪತ್ರಿಕೆಗಳಿಗೆ ಗ್ರಂಥಾಲಯವೇ ಚಂದಾ ಕಟ್ಟಿರುತ್ತದೆ. ನೀವು ಅಲ್ಲಿನ ವಿದ್ಯಾರ್ಥಿ ಎಂಬುದು ಪ್ರಕಾಶಕರಿಗೆ ಗೊತ್ತಾಗಬೇಕು, ಅಷ್ಟೆ. ಕ್ಯಾಂಪಸ್ಸಿನ ನೆಟ್‌ವರ್ಕ್‌ನಲ್ಲಿದ್ದರೆ ಸಾಮಾನ್ಯವಾಗಿ ತಾನಾಗಿಯೇ ಗೊತ್ತಾಗುತ್ತದೆ. ಮನೆಯಿಂದಾದರೆ ಗ್ರಂಥಾಲಯದ ಪುಟದಲ್ಲಿ ಲಾಗಿನ್ ಆಗಿ ಹೋಗಿ. ಗೂಗಲ್ ಸ್ಕಾಲರ್ ಬಿಡಬೇಕಾಗಿಲ್ಲ. ಅದರ ಸೆಟ್ಟಿಂಗ್ಸ್‌ನಲ್ಲಿ ‘ಲೈಬ್ರರಿ ಲಿಂಕ್ಸ್’ ಅಂತ ಇದೆ. ಅಲ್ಲಿ ನಿಮ್ಮ ವಿಶ್ವವಿದ್ಯಾಲಯದ ಹೆಸರು ಸೇರಿಸಿದರೆ, ಗ್ರಂಥಾಲಯ ಆ ಏರ್ಪಾಡು ಮಾಡಿಕೊಂಡಿದ್ದಲ್ಲಿ, ಲೇಖನದ ಪಕ್ಕದಲ್ಲೇ ಕೊಂಡಿ ಬರುತ್ತದೆ.

ಇನ್ನು ಪಟ್ಟಿ. ಅಷ್ಟನ್ನೂ ತೆರೆಯುವವರು ಯಾರೂ ಇಲ್ಲ. ನಿಮ್ಮ ವಿಷಯಕ್ಕೆ ಒಂದು ಕಾಲು ವೈದ್ಯಕೀಯದಲ್ಲಿ, ಇನ್ನೊಂದು ಸಮಾಜವಿಜ್ಞಾನದಲ್ಲಿ. ವೈದ್ಯಕೀಯಕ್ಕೆ ಪಬ್‌ಮೆಡ್ ಎಂಬ ಲೇಖನಸೂಚಿ ನೋಡಿ. ಅದರಲ್ಲಿ ಹುಡುಕುವುದು ಎಲ್ಲರಿಗೂ ಉಚಿತ. ಅಲ್ಲಿನ ಬಹುಪಾಲು ಲೇಖನಗಳಿಗೆ ನಿಗದಿತ ವಿಷಯಸೂಚಿಯಿಂದ ಹಣೆಪಟ್ಟಿ ಹಚ್ಚಿರುತ್ತಾರೆ. ಹಾಗಾಗಿ ‘ಹಾರ್ಟ್ ಅಟ್ಯಾಕ್’ ಎಂದು ಹುಡುಕಿದರೂ ಅದರ ವೈದ್ಯಕೀಯ ಹೆಸರಾದ ‘ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್’ ಎಂದೇ ಬರೆದ ಲೇಖನಗಳು ಕೈಗೆ ಸಿಗುತ್ತವೆ. ಸಮಾಜವಿಜ್ಞಾನಕ್ಕೆ 1995ರಲ್ಲಿ ಶುರುವಾದ ಜೆಸ್ಟೋರ್ ಎಂಬ ಪತ್ರಿಕಾ ಸಂಗ್ರಹ ಒಳ್ಳೆಯದು, ಆದರೆ ಹಳೆಯ ಸಂಚಿಕೆಗಳೇ ಅದರ ಬಲ. ಎಷ್ಟೋ ಪತ್ರಿಕೆಗಳ ಈಚಿನ ಕೆಲವು ವರ್ಷದ ಸಂಚಿಕೆಗಳು ಅಲ್ಲಿ ಇರುವುದೇ ಇಲ್ಲ. ಅದೊಂದನ್ನೇ ನೋಡಿ ‘ಇತ್ತೀಚೆಗೆ ಈ ಬಗ್ಗೆ ಕೆಲಸ ನಡೆದಿಲ್ಲ’ ಎಂದು ಬರೆದುಬಿಟ್ಟೀರಿ, ಜೋಕೆ.

ನನ್ನನ್ನು ಕೇಳಿದರೆ ಗ್ರಂಥಾಲಯದ ಚಂದಾದಲ್ಲಿ ನಿಜಕ್ಕೂ ಬೆಲೆಬಾಳುವುದು ಉಲ್ಲೇಖಸೂಚಿಗಳು, ಅಂದರೆ ಯಾವ ಲೇಖನವನ್ನು ಯಾರು ಉಲ್ಲೇಖಿಸಿದ್ದಾರೆ ಎಂದು ತೋರಿಸುವ ವೆಬ್ ಆಫ್ ಸೈನ್ಸ್ ಮತ್ತು ಸ್ಕೋಪಸ್. ಅಮೆರಿಕದ ಮಾಹಿತಿವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ 1964ರಲ್ಲಿ ಹೊರತಂದ ಸೈನ್ಸ್ ಸೈಟೇಶನ್ ಇಂಡೆಕ್ಸ್‌ನಿಂದ ಬೆಳೆದದ್ದು ಮೊದಲನೆಯದು. ಸ್ಕೋಪಸ್ ಬಂದದ್ದು 2004ರಲ್ಲಿ. ಲೇಖನವೊಂದರ ಕೊನೆಯ ಆಕರಪಟ್ಟಿ ನಿಮ್ಮನ್ನು ಹಿಂದಕ್ಕೆ ಒಯ್ಯುತ್ತದೆ. ಇವು ಮುಂದಕ್ಕೆ ಒಯ್ಯುತ್ತವೆ. 2005ರ ಒಂದು ಒಳ್ಳೆಯ ಲೇಖನ ಹಿಡಿದರೆ ಆಮೇಲೆ ಅದನ್ನು ಯಾರು ಒಪ್ಪಿದರು, ಯಾರು ಅಲ್ಲಗಳೆದರು, ಯಾರು ಅದೇ ಪ್ರಶ್ನೆಯನ್ನು ಬೇರೆ ಜನರ ನಡುವೆ ಕೇಳಿ ನೋಡಿದರು ಎಂಬುದೆಲ್ಲ ಬಿಚ್ಚಿಕೊಳ್ಳುತ್ತದೆ. ಗೂಗಲ್ ಸ್ಕಾಲರ್ ಕೂಡ ಇದನ್ನು ತೋರಿಸುತ್ತದೆ, ಸುಳ್ಳಲ್ಲ. ಆದರೆ ಕಾಳು ಜೊಳ್ಳು ಎರಡೂ ಅದಕ್ಕೆ ಒಂದೇ. ನಾಲ್ಕೈದು ಗಟ್ಟಿ ಲೇಖನ ಆರಿಸಿಕೊಂಡು ಹೀಗೆ ಹಿಂದಕ್ಕೂ ಮುಂದಕ್ಕೂ ಓಡಾಡಿದರೆ ನಿಮ್ಮ ಕ್ಷೇತ್ರದ ಚರ್ಚೆ ಎಲ್ಲಿ ನಿಂತಿದೆ ಎಂಬುದು ತಿಳಿಯುತ್ತದೆ.

ಗ್ರಂಥಾಲಯದಲ್ಲೂ ಇಲ್ಲದ ಲೇಖನಕ್ಕೆ ‘ಅನ್‌ಪೇವಾಲ್’ ಎಂಬ ಉಚಿತ ಎಕ್ಸ್‌ಟೆನ್ಶನ್ ಬ್ರೌಸರ್‌ಗೆ ಹಾಕಿಕೊಳ್ಳಿ. ಲೇಖಕರು ತಮ್ಮ ಸಂಸ್ಥೆಯ ಭಂಡಾರದಲ್ಲಿಟ್ಟ ಮುಕ್ತ ಪ್ರತಿಯಿದ್ದರೆ ಅದು ಹುಡುಕಿಕೊಡುತ್ತದೆ. ಅಲ್ಲೂ ಸಿಗದಿದ್ದರೆ ಗ್ರಂಥಪಾಲಕರಿಗೆ ಬರೆಯಿರಿ, ಬೇರೆ ಗ್ರಂಥಾಲಯದಿಂದ ತರಿಸಿಕೊಡುವ ಪದ್ಧತಿ ಇದೆ. ಕೇಳಲು ಸಂಕೋಚ ಬೇಡ, ಅದು ಅವರ ಕೆಲಸವೇ.

ಓದಿದ್ದನ್ನು ಆಕರಗಳನ್ನು ಜೋಡಿಸಿಡುವ ಜೊಟೆರೊದಂಥ ತಂತ್ರಾಂಶದಲ್ಲಿ ಆಗಿಂದಾಗಲೇ ಸೇರಿಸುತ್ತಾ ಹೋಗಿ. ಪದವಿ ಮುಗಿದ ಮೇಲೆ ಲಾಗಿನ್ ನಿಲ್ಲುವುದುಂಟು. ಹಾಗೆಂದು ಒಂದೇ ರಾತ್ರಿ ನೂರಾರು ಲೇಖನ ಇಳಿಸಿಕೊಳ್ಳಲು ಹೋಗಬೇಡಿ. ಪ್ರಕಾಶಕರು ಇಡೀ ವಿಶ್ವವಿದ್ಯಾಲಯದ ಪ್ರವೇಶವನ್ನೇ ತಡೆಹಿಡಿಯಬಹುದು, ಆಗ ಸಹಪಾಠಿಗಳು ನಿಮ್ಮನ್ನೇ ಹುಡುಕಿಕೊಂಡು ಬರುತ್ತಾರೆ.