ಗಾಳಿಗೆ ಅಡ್ಡ ನಿಂತ ಸಿಲಿಂಡರಿನ ಹಿಂದೆ ಏಳುವ ಸುಳಿಗಳು ಕಂಪ್ಯೂಟರ್ ಸಿಮ್ಯುಲೇಷನ್‌ನಲ್ಲಿ ಸತ್ತುಹೋಗುತ್ತಿವೆ. ಮೆಶ್ (ಹರಿವಿನ ಜಾಗವನ್ನು ಕೋಶಗಳಾಗಿ ಹಂಚುವ ಬಲೆ) ಇನ್ನಷ್ಟು ಸಣ್ಣದು ಮಾಡಲೇ, ವೇಗದ ಯಂತ್ರ ಕೊಳ್ಳಲೇ?

ಎರಡೂ ಬೇಡ. ಮೆಶ್ ಸಣ್ಣದು ಮಾಡುತ್ತಲೇ ಎರಡು ತಿಂಗಳು ಕಳೆದವನು ನಾನು.

ನನ್ನದೂ ಇದೇ ಸಿಲಿಂಡರ್, ರೆನಾಲ್ಡ್ಸ್ ಸಂಖ್ಯೆ (ಹರಿವಿನ ರಭಸಕ್ಕೂ ಅದರ ಸ್ನಿಗ್ಧತೆಗೂ ಇರುವ ಅನುಪಾತ) 100. ಸುಳಿಗಳು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಕಳಚಿಕೊಂಡು ಸಾಗಬೇಕಿತ್ತು. ಸಿಲಿಂಡರನ್ನು ಮೇಲೆ-ಕೆಳಗೆ ತಳ್ಳುವ ಬಲವನ್ನು ತೋರಿಸುವ ನನ್ನ ಲಿಫ್ಟ್ ರೇಖೆಯೋ ನಾಲ್ಕು ಸಲ ಅಲುಗಿ ಚಪ್ಪಟೆಯಾಗಿ ಮಲಗುತ್ತಿತ್ತು. ಮೆಶ್ ಒರಟಾಯಿತೆಂದು ಎರಡೂ ದಿಕ್ಕಿನಲ್ಲಿ ಇಮ್ಮಡಿ ಮಾಡಿದೆ. ಕೋಶಗಳು ನಾಲ್ಕು ಪಟ್ಟಾದವು. ಮತ್ತೊಮ್ಮೆ ಮಾಡಿದೆ. ಗಂಟೆಗಳ ಕೆಲಸ ದಿನಗಳಿಗೆ ಹೋಯಿತು, ರೇಖೆ ಮಲಗಿಯೇ ಇತ್ತು.

ಟೈಮ್ ಸ್ಕೀಮ್, ಅಂದರೆ ಲೆಕ್ಕ ಒಂದು ಕ್ಷಣದಿಂದ ಮುಂದಿನ ಕ್ಷಣಕ್ಕೆ ಹೆಜ್ಜೆ (ಟೈಮ್ ಸ್ಟೆಪ್) ಇಡುವ ವಿಧಾನ, ಏನಿದೆಯೆಂದು ನಾನು ನೋಡಿಯೇ ಇರಲಿಲ್ಲ. ಡೀಫಾಲ್ಟ್ ಆಗಿ ಇದ್ದದ್ದು ಮೊದಲ ದರ್ಜೆಯ (ಅಂದರೆ ನಿಖರತೆ ಕಡಿಮೆಯ) ಇಂಪ್ಲಿಸಿಟ್ ಆಯ್ಲರ್ ಎಂಬ ಸ್ಕೀಮ್. ಎಷ್ಟು ದೊಡ್ಡ ಟೈಮ್ ಸ್ಟೆಪ್ ಕೊಟ್ಟರೂ ಅದು ಸಿಡಿಯುವುದಿಲ್ಲ (ಅಂಕಿಗಳು ಮಿತಿಮೀರಿ ಬೆಳೆಯುವುದಿಲ್ಲ) ಎಂಬುದೇ ನನಗೆ ಧೈರ್ಯ. ಸಿಡಿಯುವುದಿಲ್ಲ, ನಿಜ, ಅಲುಗಾಡುವುದನ್ನೆಲ್ಲ ಅದೇ ನುಂಗಿಹಾಕುತ್ತದೆ. ಈ ಹರಿವಿನ ಸ್ಟ್ರೌಹಾಲ್ ಸಂಖ್ಯೆ (ಸುಳಿಗಳು ಕಳಚುವ ಆವರ್ತನದ ಅಳತೆ) ಸುಮಾರು 0.165. ಅಂದರೆ ಗಾಳಿ ಒಂದು ವ್ಯಾಸದಷ್ಟು ದೂರ ಸಾಗುವ ಹೊತ್ತಿನ ಆರು ಪಟ್ಟಿಗೆ ಸುಳಿಗಳ ಒಂದು ಸುತ್ತು. ನನ್ನ ಟೈಮ್ ಸ್ಟೆಪ್ ಆ ಹೊತ್ತಿನ ಅರ್ಧದಷ್ಟಿತ್ತು, ಸುತ್ತಿಗೆ 12 ಸ್ಟೆಪ್. ಕಾಗದದ ಮೇಲೆ ಒಂದು ಸರಳ ಆಂದೋಲನವನ್ನು ಇದೇ ಸ್ಕೀಮಿಗೆ ಕೊಟ್ಟು ನೋಡಿ: ಒಂದೇ ಸುತ್ತಿನಲ್ಲಿ ಅದರ ಎತ್ತರದ ಮುಕ್ಕಾಲು ಪಾಲು ಹೋಗುತ್ತದೆ. ಹುಟ್ಟಿದ ಸುಳಿ ಬೆಳೆಯುವುದಕ್ಕೂ ಬಿಡುವಿಲ್ಲ. 100 ಸ್ಟೆಪ್ ಇಟ್ಟರೂ ಸುತ್ತಿಗೆ ಶೇಕಡಾ 18ರಷ್ಟು ನಷ್ಟ. ಅದೇ 100 ಸ್ಟೆಪ್‌ಗೆ ಎರಡನೇ ದರ್ಜೆಯ ಬ್ಯಾಕ್‌ವರ್ಡ್ ಸ್ಕೀಮಿನಲ್ಲಿ ನಷ್ಟ ಶೇಕಡಾ 0.1ಕ್ಕಿಂತಲೂ ಕಡಿಮೆ. ಇದಕ್ಕೆ ತೆರುವ ಬೆಲೆ, ಇನ್ನೊಂದು ಹಳೆಯ ಸ್ಟೆಪ್ಪನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವುದು, ಅಷ್ಟೇ. ಇದನ್ನೇಕೆ ಡೀಫಾಲ್ಟ್ ಮಾಡುವುದಿಲ್ಲವೋ ನನಗೆ ಇಂದಿಗೂ ಸಿಟ್ಟಿದೆ.

ಆದ್ದರಿಂದ ನಿಮ್ಮ ಅತಿ ಒರಟು ಮೆಶ್‌ಗೆ ಹಿಂತಿರುಗಿ. ಸ್ಕೀಮ್ ಬದಲಿಸಿ, ಸುತ್ತಿಗೆ 100 ಸ್ಟೆಪ್ ಕೊಡಿ, ಪ್ರತಿ ಸ್ಟೆಪ್‌ನಲ್ಲೂ ರೆಸಿಡ್ಯುಯಲ್ (ಸಮೀಕರಣಗಳಲ್ಲಿ ಉಳಿದ ತಪ್ಪು) ಚೆನ್ನಾಗಿ ಇಳಿಯುವವರೆಗೆ ಒಳಸುತ್ತುಗಳನ್ನು (ಅದೇ ಸ್ಟೆಪ್‌ನ ಮರುಲೆಕ್ಕ) ನಡೆಸಿ. ಸಮೀಕರಣದಲ್ಲಿ ವೇಗವಿರುವ ಪದಗಳಿಗೆ ಮೊದಲ ದರ್ಜೆಯ ಅಪ್‌ವಿಂಡ್ (ಹರಿವು ಬರುವ ಕಡೆಯ ಕೋಶದ ಬೆಲೆಯನ್ನೇ ಬಳಸುವ ಸ್ಕೀಮ್) ಇದ್ದರೆ ಅದನ್ನೂ ಕಿತ್ತೆಸೆಯಿರಿ, ಅದೂ ಇದೇ ರೋಗ. ಸರಾಸರಿ ತೆಗೆಯುವಾಗ ಆರಂಭದ ಸುತ್ತುಗಳನ್ನು ಸೇರಿಸಬೇಡಿ. ಬಳಿಕ ಟೈಮ್ ಸ್ಟೆಪ್ ಅರ್ಧಕ್ಕಿಳಿಸಿ, ಉತ್ತರ ಕದಲುತ್ತದೆಯೇ ನೋಡಿ. ಮೆಶ್‌ನ ಸರದಿ ಅದಾದ ಮೇಲೆ.

ನನ್ನ ಮೊದಲ ಮೆಶ್‌ನಲ್ಲೇ, ಅದೇ ಹಳೆಯ ಯಂತ್ರದಲ್ಲೇ, ಒಂದು ರಾತ್ರಿಯಲ್ಲಿ ಸ್ಟ್ರೌಹಾಲ್ ಸಂಖ್ಯೆ 0.16 ಬಂದಿತು. ಬೆಳಿಗ್ಗೆ ನಾನು ಮಾಡಿದ ಮೊದಲ ಕೆಲಸ, ಎರಡು ತಿಂಗಳ ಆ ದೊಡ್ಡ ಫೈಲುಗಳನ್ನು ಅಳಿಸಿದ್ದು.